ಹಾಜರಿ

ಅಡುಗೆಮನೆಯಲ್ಲಿ ಚೆಂಗಪ್ಪ ಬೀನ್ಸ್ ಮುರಿಯುತ್ತಿದ್ದಾನೆ.
ಟಕ್.
ಅಷ್ಟೇ. ಒಂದು ಎಳೆ ಬೀನ್ಸ್, ರಾತ್ರಿಯ ಪಲ್ಯಕ್ಕೆ.
ನನ್ನ ಮೈ ಮಾತ್ರ ಆಗಲೇ ಹನ್ನೊಂದನೇ ಬ್ಲಾಕಿನಲ್ಲಿದೆ,
ಕಾಫಿ ಗಿಡದ ಬುಡದಲ್ಲಿ, ಬಾಯಿ ತುಂಬ ಮಣ್ಣು,
ಹಲಸು ಹಣ್ಣಾದ ವಾಸನೆ,
ಎಲ್ಲೋ ಒಂದು ಕೊಂಬೆ ಮುರಿದ ಸದ್ದು,
ಆಮೇಲೆ ಸದ್ದೇ ಇಲ್ಲ.

ಆನೆ ಮೇಲೆ ಬೀಳುವಾಗ ಸದ್ದಿರಲಿಲ್ಲ.
ಯಾರಿಗೆ ಹೇಳಿದರೂ ನಂಬುವುದಿಲ್ಲ.
ಅಷ್ಟು ದೊಡ್ಡ ಜೀವ, ಅರಳೆಯ ಮೇಲೆ ನಡೆದ ಹಾಗೆ.
ಮುತ್ತಿ ನನ್ನನ್ನು ತಳ್ಳಿದಳೋ, ನಾನೇ ಬಿದ್ದೆನೋ,
ಮೂರು ವರ್ಷದಿಂದ ಎರಡೂ ಆಗುತ್ತಲೇ ಇವೆ.

ಮಡಿಕೇರಿ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು,
ಮೆಲ್ಲಗೆ ಮಾತಾಡುತ್ತಾರೆ.
ಹಾಗಾದಾಗ ಕಣ್ಣಿಗೆ ಕಂಡ ಐದು ವಸ್ತುಗಳ
ಹೆಸರು ಹೇಳಿಕೊಳ್ಳಿ, ಅಂದರು.
ಹೇಳಿಕೊಂಡೆ.
ನೀರಿನ ಟ್ಯಾಂಕು, ಬಂಡೆ, ಟಾರ್ಪಾಲು,
ಹಲಸಿನ ಬೊಡ್ಡೆ, ಸಂಜೆಯ ಲೈನ್‌ಮನೆ ಗೋಡೆ.
ಐದೂ ಬೂದು. ಐದಕ್ಕೂ ಕಿವಿ.

ಹಾಗಾಗಿ ನನಗೆ ಬರುವ ಕೆಲಸವನ್ನೇ ಮಾಡುತ್ತೇನೆ.
ಹತ್ತೊಂಬತ್ತು ವರ್ಷ ಮಸ್ಟರು ಬರೆದವಳು,
ತೋಟದವರ ಬಾಯಲ್ಲಿ ರೈಟ್ರಮ್ಮ.
ಕಣ್ಣು ಮುಚ್ಚದೆ, ಒಳಗೊಳಗೇ ಕೂಗುತ್ತೇನೆ:

ಎಡಗಾಲು? ನೆಲ ತಣ್ಣಗಿದೆ. ಹಾಜರು.
ಬಲಗಾಲು? ಚಪ್ಪಲಿ ಬಿಟ್ಟಿಲ್ಲ ಇನ್ನೂ. ಹಾಜರು.
ಕ್ಯಾಲೆಂಡರು? ಸಿದ್ದಾಪುರದ ಗೊಬ್ಬರದಂಗಡಿಯದು,
ಮಾರ್ಚಿ ತಿಂಗಳು, ಮಂಗಳವಾರ. ಹಾಜರು.
ಮೂಗು?
ಹೂಮಳೆ ಬಿದ್ದು ಒಂಬತ್ತು ದಿನ,
ಕಿಟಕಿ ತುಂಬ ಕಾಫಿ ಹೂವು.
ಅವತ್ತು ಹಲಸು. ಇವತ್ತು ಹೂವು.
ಬೇರೆ. ಬೇರೆ ಅಂತ ಬರೆದುಕೋ.
ಉಸಿರು?
ಉಸಿರು?
ಬಂದಿಲ್ಲ.
ಜಾಗ ಬಿಟ್ಟು ಮುಂದೆ ಹೋಗುತ್ತೇನೆ,
ತಡವಾಗಿ ಬಂದವರಿಗೆ ಅರ್ಧ ಹಾಜರಿಯಾದರೂ
ಹಾಕಬೇಕಲ್ಲ.

ಸೊಂಟದ ಸಂಚಿಯಲ್ಲಿ ಹೋಮಿಯೋಪತಿ ಸೀಸೆ,
ಅದರೊಳಗೆ ಕಾಚಂಪುಳಿ.
ಒಂದೇ ತೊಟ್ಟು.
ನಾಲಿಗೆ ಸುರುಟಿ, ದವಡೆ ಹಿಡಿದು,
ಬೇಡವೆಂದರೂ ಕಣ್ಣಲ್ಲಿ ನೀರು.
ಇಷ್ಟು ಹುಳಿ ನೆನಪಿನಲ್ಲಿ ಇರುವುದಿಲ್ಲ.
ಇಷ್ಟು ಹುಳಿ ಈಗ ಮಾತ್ರ ಇರುತ್ತದೆ.
ಹಂದಿಗೆ ಹಾಕುವುದನ್ನು ಹೀಗೆ ನೆಕ್ಕುತ್ತೀಯಲ್ಲ,
ಎಂದು ಬೈದಿದ್ದ ಅತ್ತೆಯೇ
ಈಗ ಸೀಸೆ ಖಾಲಿಯಾಗುವ ಮೊದಲು ತುಂಬಿಸಿಡುತ್ತಾರೆ.

ಯಾವಾಗಲೂ ಸರಿಹೋಗುವುದಿಲ್ಲ.
ಹೋದ ಹುತ್ತರಿಗೆ ಕದಿರು ಕೊಯ್ದು ಗುಂಡು ಹಾರಿಸಿದಾಗ
ಸೀಸೆ ಕೈಯಲ್ಲೇ ಇತ್ತು, ನಾನು ಮಂಚದ ಅಡಿಯಲ್ಲಿದ್ದೆ.
ಚೆಂಗಪ್ಪ ಬಂದು ನೆಲದ ಮೇಲೆ ಉದ್ದಕ್ಕೆ ಮಲಗಿದ.
ಸಮಾಧಾನ ಹೇಳಲಿಲ್ಲ, ಮುಟ್ಟಲೂ ಇಲ್ಲ.
ಪೇಪರು ಬಿಡಿಸಿ ಕರಿಮೆಣಸಿನ ರೇಟು ಓದಿದ,
ಜೋರಾಗಿ, ಗೋಣಿಕೊಪ್ಪದ್ದು, ಮಡಿಕೇರಿಯದು,
ಆಮೇಲೆ ಏಲಕ್ಕಿಯದು,
ನಮ್ಮಲ್ಲಿ ಒಂದು ಏಲಕ್ಕಿ ಗಿಡವೂ ಇಲ್ಲ.

ಇಪ್ಪತ್ತಮೂರನೇ ಸಾಲಿನಲ್ಲಿ ಮುತ್ತಿಯ ಹೆಸರಿತ್ತು.
ಹೊಸ ಪುಸ್ತಕದಲ್ಲಿ ಅದೇ ನಂಬರಿಗೆ ಅವಳ ಮಗಳು.
ದಿನಾ ಬೆಳಿಗ್ಗೆ ಕೂಗುತ್ತೇನೆ, ಚಂದ್ರೀ,
ಹಾಂ ಅನ್ನುತ್ತಾಳೆ, ತಾಯಿಯದೇ ಗಂಟಲು.
ಪೆನ್ನು ನಿಲ್ಲುತ್ತದೆ.
ಇಪ್ಪತ್ತೆರಡು ಜನ ನನ್ನನ್ನೇ ನೋಡುತ್ತಾರೆ,
ಚಂದ್ರಿ ಮಾತ್ರ ಬೇರೆ ಕಡೆ.
ಅವಳ ಒಳಗೆ ಯಾರು ಯಾರ ಹೆಸರು ಕೂಗುತ್ತಾರೋ
ನಾನು ಕೇಳಿಲ್ಲ. ಕೇಳಬೇಕು.

ಟಕ್.
ಉಸಿರು? ಬಂತು, ಏದುತ್ತ, ತಲೆ ತಗ್ಗಿಸಿಕೊಂಡು.
ಬಾ, ಕೂತುಕೋ.

ಒಳಗೆ ಹೋಗುತ್ತೇನೆ. ಚೆಂಗಪ್ಪನ ಕೈ ತಡೆಯುತ್ತದೆ.
ನಿಲ್ಲಿಸಬೇಡ. ಅರ್ಧ ಇತ್ತ ಹಾಕು.
ಒಂದನ್ನು ಎತ್ತಿಕೊಂಡು ತುದಿ ಹಿಡಿಯುತ್ತೇನೆ.
ಮುರಿಯುವ ಮೊದಲೇ ಗೊತ್ತು,
ಈ ಸದ್ದು ನನ್ನ ಕೈಯದು.
ಟಕ್.

ನಾರು ತೆಗೆಯುವುದಿಲ್ಲವಾ ನೀನು, ಅನ್ನುತ್ತೇನೆ,
ಇಷ್ಟು ವರ್ಷವಾದರೂ.