ಹಲ್ಲಿಯ ಕೆಳಗಿನ ಚೀಟಿಗಳು

ಕುರಿಚೀಬಾದ ಈ ಮ್ಯೂಸಿಯಮ್ಮಿನಲ್ಲಿ
ಮೂವತ್ತೊಂದು ವರ್ಷದಿಂದ ಚೀಟಿ ಟೈಪಿಸುತ್ತಿದ್ದೇನೆ.
ತಿಳಿದವಳಲ್ಲ ನಾನು. ತಿಳಿದವರು ಹೇಳುತ್ತಾರೆ, ನಾನು ಒತ್ತುತ್ತೇನೆ.

ಮೂರನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ನೀರುಹಲ್ಲಿ,
ಮೊಳದುದ್ದ, ಕಪ್ಪು ಪದರಗಲ್ಲಿಗೆ ಅಂಟಿಕೊಂಡು
ಈಗಷ್ಟೇ ಬಾಲ ತಿರುಗಿಸಿದಂತಿದೆ.
ಬಾಚಣಿಗೆಯಂಥ ಹಲ್ಲು.
ಇಂಥದೇ ಇನ್ನೊಂದು ಸಾಗರದಾಚೆ, ಆಫ್ರಿಕದ ಕಲ್ಲಿನಲ್ಲಿ.
ಅಷ್ಟು ದೊಡ್ಡ ಕಡಲನ್ನು ಈ ಪುಟ್ಟ ಕಾಲು
ದಾಟಿದ್ದಾದರೂ ಹೇಗೆ?

ಪ್ರೊಫೆಸರ್ ವಾಲ್ಡೊಮಿರೊ ಚುಟ್ಟ ಕಚ್ಚಿಕೊಂಡೇ ಬರೆಸಿದರು:
‘ಎರಡು ಖಂಡಗಳ ನಡುವೆ ನೆಲದ ಸೇತುವೆಯಿತ್ತು. ಮುಳುಗಿತು.’
ಶಾಲೆಯ ಮಕ್ಕಳು ಓದಿ ಆ ಸೇತುವೆಯ ಚಿತ್ರ ಬರೆದರು,
ಒಬ್ಬ ಅದರ ಮೇಲೆ ಬಸ್ಸನ್ನೂ ಓಡಿಸಿದ.

‘ಖಂಡಗಳೇ ಸರಿದವಂತೆ’ ಎಂದು ಯಾರಾದರೂ ಅಂದರೆ
‘ಸರಿಯೋದಕ್ಕೆ ಅದೇನು ಊಟದ ಮೇಜೇ?’
ಎಂದು ನಗುತ್ತಿದ್ದರು, ನಾವೂ ನಗುತ್ತಿದ್ದೆವು.

ಕಡಲ ತಳಕ್ಕೆ ಇಳಿಬಿಟ್ಟ ಸದ್ದು
ಒಂದು ಕಂಬವನ್ನೂ ಹುಡುಕಿ ತರಲಿಲ್ಲ.
‘ಇನ್ನೂ ಆಳಕ್ಕೆ ಹೋಗಿದೆ’ ಎಂದರು.
ಮರುವರ್ಷ: ‘ಕರಗಿರಲೂಬಹುದು.’
ಅದರ ಮರುವರ್ಷ: ‘ಒಂದಲ್ಲ, ಮೂರು ಸೇತುವೆ.’
ಸಾಲಿಗೆ ಸಾಲು ತೇಪೆ ಬಿದ್ದು
ಚೀಟಿ ಹಲ್ಲಿಗಿಂತ ಉದ್ದವಾಯಿತು.

ಆಮೇಲೆ ಎಡ್ವಿಜೆಸ್ ಬಂದಳು, ಅವರದೇ ಶಿಷ್ಯೆ.
ಬರೆಸಿದ್ದು ಇಷ್ಟೇ: ‘ನೆಲ ಒಂದೇ ಆಗಿತ್ತು. ಬಿರಿಯಿತು.’
ಹಲ್ಲಿ ಏನನ್ನೂ ದಾಟಿರಲೇ ಇಲ್ಲ!
ಇಪ್ಪತ್ತು ವರ್ಷ ನಾವು ಉತ್ತರ ಹುಡುಕಿದ ಪ್ರಶ್ನೆ
ಕಳಚಿದ ಗುಂಡಿಯಂತೆ ಎಲ್ಲೋ ಉರುಳಿಹೋಯಿತು.

ನಿವೃತ್ತರಾದ ಮೇಲೆ ಒಂದು ಗುರುವಾರ ಅವರು ಬಂದರು.
ಹ್ಯಾಟು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಮುಂದೆ ನಿಂತರು.
ಜಗಳವಾದೀತೆಂದು ನಾನು ಕಿಟಕಿ ಮುಚ್ಚಿದೆ.
‘ವಾಕ್ಯ ಚಿಕ್ಕದಾಗಿದೆ’ ಎಂದರು, ಹೋದರು.
ಮೆಚ್ಚಿದ್ದೋ ಚುಚ್ಚಿದ್ದೋ
ಇವತ್ತಿಗೂ ನನಗೆ ಗೊತ್ತಾಗಿಲ್ಲ.
ಚಳಿಗಾಲ ಕಳೆಯುವ ಮುಂಚೆ ತೀರಿಕೊಂಡರು.

ಹಳೆಯ ಚೀಟಿಗಳನ್ನು ನಾನು ಎಸೆದಿಲ್ಲ.
ಕಲ್ಲಿನ ಒಂದು ಮೂಲೆ ಕುಂಟು; ಅವನ್ನೆಲ್ಲ ಮಡಚಿ
ಅಡಿಗೆ ಕೊಟ್ಟಿದ್ದೇನೆ, ಅಲುಗದಂತೆ.
ಎಡ್ವಿಜೆಸ್‌ಗೆ ಹೇಳಿಲ್ಲ.
ಅವಳ ಚೊಕ್ಕ ವಾಕ್ಯ ಓದಲು ಬಾಗುವವರು
ನೋಡುವ ಕಲ್ಲು ನೆಟ್ಟಗಿರುವುದು
ಮುಳುಗಿದ ಸೇತುವೆಗಳ ಮೇಲೆ.

ಹೋದ ತಿಂಗಳು ಅವಳ ಹೊಸ ಹುಡುಗ ಕೇಳಿದ:
ಇದು ಬದುಕಿದ ನೀರು ಉಪ್ಪೇ, ಸಿಹಿಯೇ?
ಹಲ್ಲು ಒಂದು ಹೇಳುತ್ತದೆ, ಕಲ್ಲು ಇನ್ನೊಂದು.
ಎಡ್ವಿಜೆಸ್ ಕನ್ನಡಕವನ್ನು ಹಣೆಗೇರಿಸಿ ನಕ್ಕಳು.
ಆ ನಗೆ ನನಗೆ ಪರಿಚಯದ್ದು.
ಚುಟ್ಟದ ವಾಸನೆಯೊಂದೇ ಇರಲಿಲ್ಲ.

ಸರಿ ಅಂದದ್ದೂ ಸರಿಯುತ್ತದೆ, ಊಟದ ಮೇಜಲ್ಲದಿದ್ದರೂ.

ಹುಡುಗ ಇನ್ನೂ ಅಲ್ಲೇ ಕಲ್ಲಿಗೆ ಮೂಗು ತಾಗಿಸಿ ಕೂತಿದ್ದಾನೆ.
ನಾನು ಯಂತ್ರಕ್ಕೆ ಹೊಸ ಕಾರ್ಡು ಏರಿಸಿದ್ದೇನೆ.
ಅಕ್ಷರಗಳೆಲ್ಲ ಸವೆದಿವೆ, ಪೂರ್ಣವಿರಾಮ ಮಾತ್ರ ಚೂಪು:
ಜೋರಾಗಿ ಹೊಡೆದರೆ
ಕಾಗದ ತೂತಾಗುತ್ತದೆ.
ಮೆಲ್ಲಗೆ ಒತ್ತಬೇಕು