ಕರಿ ವಯರು

ಗೋಣಿಕೊಪ್ಪದ ಬೈಪಾಸ್ ರಸ್ತೆಯಲ್ಲಿ ಚೋಂದಮ್ಮನ ಕಟ್ಟಡ.
ಮೂರು ಮಹಡಿ, ಮೆಟ್ಟಿಲ ಕೆಳಗೊಂದು ಮರದ ಹಲಗೆ,
ಹಲಗೆಯ ಮೇಲೆ ನಾನೇ ಕೂರಿಸಿದ ಮೂರು ಫ್ಯೂಸು.
ಕೆಂಪು ಕೆಳಗಿನ ಪೆಮ್ಮಯ್ಯನ ಹಂದಿಮಾಂಸದ ಅಂಗಡಿಗೆ,
ಹಳದಿ ನಡುವಿನ ಹಲ್ಲಿನ ಡಾಕ್ಟರಮ್ಮನಿಗೆ,
ನೀಲಿ ಮೇಲಿನ ಟೈಲರ್ ಕುಂಞಾಲಿಕ್ಕನಿಗೆ.
ಹಂಚಿದ್ದು ನಾನು. ಹನ್ನೊಂದು ವರ್ಷದ ಹಿಂದೆ,
ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು,
ತಮ್ಮಂದಿರಿಗೆ ಗದ್ದೆ ಪಾಲು ಮಾಡುವ ಹಿರಿಯನ ಗತ್ತಿನಲ್ಲಿ.

ಪಾಲು ಸಮ ಆಗಲಿಲ್ಲ. ಆಗುವುದೂ ಇಲ್ಲ.
ಪೆಮ್ಮಯ್ಯನಿಗೆ ಎರಡು ಫ್ರೀಜರು, ಒಂದು ಗರಗಸ,
ಹುತ್ತರಿಯ ವಾರ ಬಾಡಿಗೆಗೆ ಇನ್ನೊಂದು ಫ್ರೀಜರು.
ಡಾಕ್ಟರಮ್ಮನ ಕುರ್ಚಿ ಏಳುತ್ತದೆ, ಇಳಿಯುತ್ತದೆ,
ಮೂಲೆಯಲ್ಲಿ ಕಂಪ್ರೆಸರು ಗೊರಕೆ ಹೊಡೆಯುತ್ತದೆ.
ಕುಂಞಾಲಿಕ್ಕನಿಗೆ ಎರಡು ಟ್ಯೂಬ್‌ಲೈಟು, ಒಂದು ಫ್ಯಾನು,
ಹೊಲಿಗೆ ಮಿಷನಿಗೆ ಅಂಗೈಯಷ್ಟು ಮೋಟರು,
ಮತ್ತೆ, ಬೇಕಾದಾಗ ಮಾತ್ರ, ಇಸ್ತ್ರಿ.

ಮಾರ್ಚಿನಲ್ಲಿ ತೋಟದವರು ಹೂವಿಗೆ ನೀರು ಹಾಯಿಸುತ್ತಾರೆ.
ಪಂಪುಗಳೆಲ್ಲ ಒಟ್ಟಿಗೆ ಬಾಯಿ ಹಾಕಿದರೆ
ಪೇಟೆಯ ಬಲ್ಬು ಕೊಳೆತ ಕಿತ್ತಳೆ.
ಒಂದು ಫೇಸ್ ಹೋಯಿತೋ, ಎಲ್ಲರೂ
ಚೇಂಜ್‌ಓವರ್ ತಿರುಗಿಸಿ ಇನ್ನೊಂದರ ಮೇಲೆ ಬೀಳುತ್ತಾರೆ,
ಅದೂ ಹೋಗುತ್ತದೆ. ಆಮೇಲೆ ನನಗೆ ಫೋನು:
"ಐತಪ್ಪಾ, ಮೇಲಿನವರು ಇಸ್ತ್ರಿ ಹಾಕಿದ್ರು."
"ಐತಪ್ಪಾ, ಕೆಳಗಿನವರದ್ದು ಅತಿಯಾಯ್ತು."
ಕರಿ ವಯರಿನ ಬಗ್ಗೆ ಯಾರೂ ಫೋನು ಮಾಡಿದ್ದಿಲ್ಲ.

ಅದು ಮೂವರಿಗೂ ಸೇರಿದ್ದು, ಎಂದರೆ ಯಾರದ್ದೂ ಅಲ್ಲ.
ಟೆಸ್ಟರು ಇಟ್ಟರೆ ಮಿಣುಕುವುದಿಲ್ಲ.
ಬಣ್ಣದವು ಮೂರೂ ಕೊಟ್ಟು ಮುಗಿಸಿದ ಮೇಲೆ
ಲೆಕ್ಕದಲ್ಲಿ ಉಳಿದ ಹೆಚ್ಚುಕಡಿಮೆಯನ್ನು
ಸದ್ದಿಲ್ಲದೆ ಹೊತ್ತು ವಾಪಸು ಒಯ್ಯುವುದು ಅದರ ಕೆಲಸ.
ಜನವರಿಯಲ್ಲೇ ನೋಡಿದ್ದೆ, ಅದರ ಲಗ್ಗು
ಸುಟ್ಟ ಅವರೆಕಾಳಿನ ಹಾಗೆ ಕಪ್ಪಾಗಿತ್ತು.
ಸ್ಕ್ರೂ ಅರ್ಧ ಸುತ್ತು ತಿರುಗಿಸಿ
"ಬರುವ ವಾರ" ಅಂದೆ. ನನಗೇ ಅಂದುಕೊಂಡದ್ದು, ಬೇರೆ ಯಾರಿಗೂ ಅಲ್ಲ.

ಬುಧವಾರ ಸಂಜೆ ಅದು ಬಿಟ್ಟುಕೊಂಡಿತು.

ಆಗ ಆಗುವುದು ಹೀಗೆ, ಓದಿದವರಿಗೂ ನಂಬಿಕೆ ಬರುವುದಿಲ್ಲ:
ಹೆಚ್ಚು ಎಳೆಯುವವನ ದೀಪ ಮಂಕಾಗುತ್ತದೆ, ಅಷ್ಟೆ.
ಕಡಿಮೆ ಕೇಳಿದವನ ಬಾಗಿಲಿಗೆ
ಕೇಳದೆ ಇದ್ದದ್ದೆಲ್ಲ ನುಗ್ಗುತ್ತದೆ.
ಪೆಮ್ಮಯ್ಯನ ಫ್ರೀಜರು ಗುಂಯ್ ಎಂದು ಸುಮ್ಮನಾಯಿತು.
ಡಾಕ್ಟರಮ್ಮನ ಕುರ್ಚಿ ಬಾಯಿ ತೆರೆದ ರೋಗಿಯೊಬ್ಬನನ್ನು
ಅರ್ಧ ಎತ್ತರದಲ್ಲಿ ಮರೆತುಬಿಟ್ಟಿತು.
ಮೇಲೆ ಟ್ಯೂಬ್‌ಲೈಟು ಹಗಲಿಗಿಂತ ಬೆಳ್ಳಗೆ ಉರಿದು,
ಫ್ಯಾನಿಗೆ ಹುಚ್ಚು ಹಿಡಿದು,
ಮೋಟರಿನಿಂದ ಹೊಗೆ. ಸೂಜಿಯ ಕೆಳಗೆ
ಯಾವುದೋ ಮದುಮಗನ ಬಿಳಿ ಕುಪ್ಯ, ಒಂದು ತೋಳು ಬಾಕಿ.

ಮೆಟ್ಟಿಲಲ್ಲೇ ನಿಂತು ತೀರ್ಪಾಯಿತು:
ಇಕ್ಕನ ಹಳೆ ಮಿಷನು, ಇಕ್ಕನ ಹಳೆ ವಯರಿಂಗು.
ಅವರು ತಲೆಯಾಡಿಸಿದರು. "ನಂದೇ ಇರಬಹುದು" ಅಂದರು.
ನಾನು ಹಲಗೆಯ ಮುಂದೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದೆ.
ಬಾಯಲ್ಲಿ ಟಾರ್ಚು ಇದ್ದವನು ಮಾತಾಡಬೇಕಿಲ್ಲ.

ಹೊಸ ಲಗ್ಗು, ಹೊಸ ವಯರು, ಮೊದಲಿನದಕ್ಕಿಂತ ದಪ್ಪ.
ಮೇನು ಹಾಕಿ ಟೆಸ್ಟರು ಇಟ್ಟೆ.
ಕೆಂಪು ಮಿಣುಕಿತು, ಹಳದಿ ಮಿಣುಕಿತು, ನೀಲಿಯೂ.
ಕರಿದರಲ್ಲಿ ಏನೂ ಇಲ್ಲ. ಅದೇ ಸರಿ.

ಮೇಲಿಂದ ಕಟಕಟ ಕೇಳಿತು.
ಎಲ್ಲಿಂದಲೋ ಹಳೆ ಬೆಲ್ಟು ಹುಡುಕಿ ಏರಿಸಿಕೊಂಡು
ಅರವತ್ತೆಂಟರ ಕಾಲು ಮಿಷನು ತುಳಿಯುತ್ತಿತ್ತು.
ಮದುವೆ ಭಾನುವಾರ.

ಚೋಂದಮ್ಮ ಬಿಲ್ಲು ಕೇಳಿದರು. ಬರೆದೆ:
ಲಗ್ಗು ಒಂದು. ಕರಿ ವಯರು ಆರು ಮೀಟರು.
ಕೂಲಿ...
ಪೆನ್ಸಿಲು ಅಲ್ಲಿ ನಿಂತಿತು,
ಮೇಲಿನ ತುಳಿತ ಒಮ್ಮೆ ನಿಂತು ಮತ್ತೆ ಶುರುವಾಗುವ ತನಕ.
ಅದನ್ನು ಹೊಡೆದುಹಾಕಿ ಕೆಳಗೆ ಇನ್ನೊಂದು ಸಾಲು ಸೇರಿಸಿದೆ:
ಹೊಲಿಗೆ ಮಿಷನಿನ ಮೋಟರು ಒಂದು, ಐತಪ್ಪನ ಲೆಕ್ಕಕ್ಕೆ.