ನೀರು ನಿಲ್ಲಿಸುವವನು

ಲಂಚ ಅಂದರೆ ಲಂಚವೇ.
ಮಗಳ ನಿಕಾಹದ ದಿನ
ಇಪ್ಪತ್ತು ನಿಮಿಷ ಹೆಚ್ಚಿಗೆ ನೀರು ಬಿಟ್ಟಿದ್ದಕ್ಕೆ
ಮಂಡಕ್ಕಿ ಭಟ್ಟಿಯ ಜೈತುನಬಿ
ಸೆರಗಿನಲ್ಲಿ ಸುತ್ತಿ ತಂದುಕೊಟ್ಟದ್ದು ಒಂದು ಗೆಡ್ಡೆ.
ಈರುಳ್ಳಿಯೇನೋ ಅಂದುಕೊಂಡೆ.
"ಮೇ ತಿಂಗಳ ಹೂವು, ಚೆಂಡಿನಂಥದ್ದು.
ನಿಮ್ಮ ಕೈಲಿ ಉಳಿಯೋದು ಕಷ್ಟ, ಆದ್ರೂ ಇಟ್ಕೊಳ್ರಿ."

ಉಳಿಯಲಿಲ್ಲ.
ಎಲೆ ಹಳದಿಯಾದ ಕೂಡಲೇ ನನ್ನ ಹಾಲಮ್ಮ
ಅಯ್ಯೋ ಬಾಯಾರಿದೆ ಎಂದು ದಿನಾ ಎರಡು ಚೊಂಬು.
ಸಂಕ್ರಾಂತಿಗೆ ಬಗೆದರೆ ಬೆರಳಿಗಂಟಿದ್ದು
ಕಂದು ಲೋಳೆ, ಎಪಿಎಂಸಿ ಹಿಂಬಾಗಿಲಿನ ವಾಸನೆ.
ಇಪ್ಪತ್ತೆರಡು ವರ್ಷ ಊರಿಗೆ ನೀರು ಬಿಟ್ಟವನ ಮನೆಯಲ್ಲಿ
ನೀರು ಕುಡಿದೇ ಸತ್ತದ್ದು ಇದೊಂದೇ.

ಎರಡನೆಯದನ್ನು ಪಾಠ ಹೇಳಿಯೇ ಕೊಟ್ಟಳು ಜೈತುನಬಿ,
ಭಟ್ಟಿಯ ಮುಂದೆ ನಿಂತು,
ಮಂಡಕ್ಕಿಯ ಚಟಪಟದ ಮೇಲೆ ದನಿ ಏರಿಸಿ:
ಹೂ ಬಾಡಿದ ಮೇಲೆ ಕಾಂಡ ಕೊಯ್ರಿ, ಎಲೆ ಮುಟ್ಟಬೇಡ್ರಿ.
ಮಳೆಗಾಲ ಪೂರ್ತಿ ಎಲೆ ದುಡೀಲಿ,
ಅದು ದುಡಿದದ್ದೇ ಗೆಡ್ಡೆಗೆ ಬುತ್ತಿ.
ದೀಪಾವಳಿ ದಾಟಲಿ. ತಾನಾಗೇ ಹಳದಿ ಆಗಲಿ.
ಆಮೇಲೆ ಒಂದು ಹನೀನೂ ಬೇಡ.
"ಹಟ ಬೇಕ್ರೀ ಇದಕ್ಕೆ. ಪ್ರೀತಿ ಸಾಲದು."

ಹಟ ನನಗೇನು ಹೊಸದೇ?
ಆಳುದ್ದದ ಕಬ್ಬಿಣದ ಕೀಲಿ ಸೈಕಲ್ಲಿಗೆ ಕಟ್ಟಿ
ಕೆಟಿಜೆ ನಗರದಿಂದ ಬಾಷಾನಗರದವರೆಗೆ
ನಲ್ಲಿಗಳ ಬಾಯಿ ಮುಚ್ಚುತ್ತ ಬಂದವನು.
ನಡುರಾತ್ರಿ ಹನ್ನೊಂದು ಸುತ್ತು ತಿರುಗಿಸಿದರೆ
ನೆಲದೊಳಗೆ ಒಂದು ದೊಡ್ಡ ಉಸಿರು ನಿಲ್ಲುತ್ತದೆ.
ಶಾಪ ಬೆಳಿಗ್ಗೆ ಬರುತ್ತದೆ, ಫೋನಿನಲ್ಲಿ,
ದಾವಣಗೆರೆಯ ಬಿಸಿಲಿಗಿಂತ ಮುಂಚೆ.

ಆದರೂ ಈ ಡಬ್ಬದ ಮುಂದೆ ಕೈ ಸೋತಿತು.
ಕಾರ್ತಿಕದಲ್ಲಿ ಎಲೆಗಳು ಒಂದೊಂದೇ
ತೊಗರಿಬೇಳೆ ಬಣ್ಣಕ್ಕೆ ತಿರುಗಿ ಒರಗಿದವು.
ಎಳೆಯಲಿಲ್ಲ. ಒಣಗಿ ತಾವೇ ಕೈಗೆ ಬಂದಾಗ ತೆಗೆದೆ.
ಪೇಂಟಿನ ಡಬ್ಬವನ್ನು ಮೆಟ್ಟಿಲ ಕೆಳಗೆ ಅಡ್ಡ ಮಲಗಿಸಿದೆ,
ಮರೆತೂ ಯಾರೂ ನೀರು ಹಾಕದಂತೆ.
ಹಾಲಮ್ಮ ಅದರ ಸುತ್ತ ಮೆಲ್ಲಗೆ ಪೊರಕೆಯಾಡಿಸಿದಳು,
ಬಾಣಂತಿ ಕೋಣೆಯ ಮುಂದೆ ಹಾಯುವವಳ ಹಾಗೆ.
ಒಂದು ರಾತ್ರಿ ಡ್ಯೂಟಿ ಮುಗಿಸಿ ಬಂದು
ಟಾರ್ಚು ಬಿಟ್ಟು ನೋಡಿದೆ: ಮಣ್ಣು, ಬರೀ ಮಣ್ಣು,
ಒಂದು ಜೇಡ ತನ್ನ ಕೆಲಸದಲ್ಲಿ.
ಒಳಗೆ ಇದೆಯೋ ಇಲ್ಲವೋ
ಬೆರಳು ಹಾಕಿ ಕೇಳುವ ಆಸೆ.
ಕೇಳಲಿಲ್ಲ.

ಯುಗಾದಿ ಕಳೆದು ಡಬ್ಬ ಎದ್ದು ಕೂತಿತು.
ಬೇರು ಕದಡದೆ ಮೇಲಿನ ಮಣ್ಣು ಎರಡು ಬೆರಳು ಕೆರೆದು
ಭಟ್ಟಿಯ ಹೊಟ್ಟಿನ ಬೂದಿ, ಹಳೇ ಸಗಣಿಗೊಬ್ಬರ ತುಂಬಿ
ಒಂದೇ ಒಂದು ಚೊಂಬು ನೀರು.
ಆ ವಾರವೇ ಕಾಲುವೆ ನಿಂತಿತು, ಕೆರೆಯ ತಳ ಕಂಡಿತು,
ಊರಿಗೆ ಎಂಟು ದಿನಕ್ಕೊಮ್ಮೆ ನೀರು.
ಹದಿನೇಳನೆಯ ಬೆಳಿಗ್ಗೆ ಮಣ್ಣು ಸೀಳಿ
ಬೆಂಕಿಕಡ್ಡಿಯ ತಲೆಯಷ್ಟು ಕೆಂಪು.
ಎಲೆಯಿಲ್ಲ, ಏನಿಲ್ಲ, ಹೂವೇ ಮೊದಲು.

ಮೇ ತಿಂಗಳಲ್ಲಿ, ಒಂಬತ್ತನೆಯ ದಿನವೂ
ನಲ್ಲಿ ಬರೀ ಗಾಳಿ ಊದಿದಾಗ
ಕೊಡ ಹಿಡಿದು ಜಗಳಕ್ಕೆ ಬಂದರು ಹಿಂದಿನ ಬೀದಿಯವರು.
ಮುಂದಿದ್ದ ಪಾರ್ವತವ್ವ ಬಾಯಿ ತೆರೆದವಳು ಹಾಗೇ ನಿಂತಳು.
ಮೆಟ್ಟಿಲ ಮೇಲೆ ನೂರಾರು ಕೆಂಪು ಸೂಜಿಗಳ ಚೆಂಡು.
"ನಮಗಿಲ್ಲದ್ದು ಇದಕ್ಕೆಲ್ಲಿಂದ ಬಿಟ್ರಿ?"
ಐದು ತಿಂಗಳು ಹನಿ ಬಿಟ್ಟಿಲ್ಲ ತಾಯಿ ಅಂದೆ.
ಯಾರೂ ನಂಬಲಿಲ್ಲ.
ಹೋಗುವಾಗ ಆಕೆ ಮಾತ್ರ ತಿರುಗಿ, ದನಿ ತಗ್ಗಿಸಿ,
ಮರಿಗೆಡ್ಡೆ ಆದರೆ ಒಂದು ಎತ್ತಿಡ್ರಿ ಅಂದಳು.